ಮುನ್ನೋಟ ಬರೆಯುವ ಮೊದಲು

ಹಂಪನಕಟ್ಟೆಯ ಮೂರನೇ ಮಾಳಿಗೆ. ಲಿಫ್ಟು ಎರಡರಲ್ಲೇ ನಿಲ್ಲುತ್ತದೆ.
ಮೇಜಿನ ಮೇಲೆ ಸೇತುಜಾಲ ಲಿಮಿಟೆಡ್ಡಿನ ಮಾರ್ಚ್ ತ್ರೈಮಾಸಿಕ,
ಗೋಳಿಬಜೆಯ ಎಣ್ಣೆ ಕುಡಿದು
ಹದಿನಾಲ್ಕನೇ ಪುಟ ಪಾರದರ್ಶಕವಾಗಿದೆ.
ಇಡೀ ವರದಿಯಲ್ಲಿ ಪಾರದರ್ಶಕವಾದದ್ದು ಅಷ್ಟೇ.

ಅವರು ಮಾಡುವುದು ಸ್ವಿಚ್ಚು, ರೌಟರು:
ಕಚೇರಿಯ ಮೂಲೆಯಲ್ಲಿ ಹಸಿರು ಮಿಣುಕುತ್ತ
ಕೆಟ್ಟ ದಿನ ಮಾತ್ರ ನೆನಪಾಗುವ ಪೆಟ್ಟಿಗೆಗಳು.
ಮಾರಾಟ ಶೇಕಡಾ ಹದಿನೆಂಟು ಮೇಲೆ, ಲಾಭ ಇಪ್ಪತ್ತೆರಡು,
ಬರುವ ವರ್ಷ ಇನ್ನೂ ಚೆಂದ, ಅಂತ
ಫೋನಿನ ಸಭೆಯಲ್ಲಿ ಒಂದು ತುಂಬು ಕಂಠ.

ಮಾರಾಟಕ್ಕಿಂತ ಬರಬೇಕಾದ ಬಾಕಿ ಯಾಕೆ ಬೇಗ ಬೆಳೆದಿದೆ, ಕೇಳಿದೆ.
"ಒಳ್ಳೆಯ ಪ್ರಶ್ನೆ" ಅಂದರು.
ಒಳ್ಳೆಯ ಪ್ರಶ್ನೆ ಅಂದವರು ಉತ್ತರ ಕೊಟ್ಟದ್ದನ್ನು
ಹನ್ನೊಂದು ವರ್ಷದಲ್ಲಿ ನಾನು ಕಂಡಿಲ್ಲ.
ಡೀಲರರ ಬಳಿ ಸರಕು ಹನ್ನೆರಡು ದಿನ ಸಹ ನಿಲ್ಲುವುದಿಲ್ಲವಂತೆ.
ಮುಂದಿನ ಪ್ರಶ್ನೆ, ದಯವಿಟ್ಟು.

ಐದು ಗಂಟೆಗೆ ಉಪೇಂದ್ರ ಪ್ರಭುಗಳಿಗೆ ಟಿಪ್ಪಣಿ ಬೇಕು.
ಕೊಳ್ಳಿ, ಇಟ್ಟುಕೊಳ್ಳಿ, ಮಾರಿ. ಮೂರರಲ್ಲೊಂದು.
"ಇಟ್ಟುಕೊಳ್ಳಿ ಅಂತ ಬರೀರಿ ಮಾರಾಯ್ರೆ,
ಅದಕ್ಕೆ ಈವರೆಗೆ ಯಾರೂ ಬೈದದ್ದಿಲ್ಲ."

ಕೊಡೆ ಹಿಡಿದು ಬಂದರಿಗೆ ನಡೆದೆ, ಮೇ ತಿಂಗಳ ಬಿಸಿಲಲ್ಲಿ.
ಇದಿನಬ್ಬರ ಗೋದಾಮು ಹಿಂದೆ ಬ್ಯಾಡಗಿ ಮೆಣಸಿನದು;
ಮೆಣಸು ಹೋಗಿ ಒಂಬತ್ತು ವರ್ಷ, ಘಾಟು ಬಾಡಿಗೆ ಕೊಡದೆ ಉಳಿದಿದೆ.
ಹೊಸ್ತಿಲಲ್ಲೇ ಸೀನಿದೆ, ಎರಡು ಸಲ.
ಒಂಟಿ ಸೀನು ಆಗದು ಅನ್ನುತ್ತಿದ್ದಳು ನನ್ನ ದೊಡ್ಡಮ್ಮ,
ಎರಡಾದರೆ ಹೊರಟ ಕೆಲಸ ಆದ ಹಾಗೆ.

ಹೆಂಚಿನ ನಡುವಿನ ಗಾಜಿನಿಂದ ಒಂದು ಕೋಲು ಬೆಳಕು,
ಅದರೊಳಗೆ ಮಾಡಿನವರೆಗೆ ಪೆಟ್ಟಿಗೆಗಳು.
"ಮಾರ್ಚ್ ಮೂವತ್ತೊಂದು, ರಾತ್ರಿ ಹನ್ನೊಂದಕ್ಕೆ ಲಾರಿ.
ನಾನು ಕೇಳಿದ್ದು ನಲ್ವತ್ತು. ಇಳಿಸಿದ್ದು ಮುನ್ನೂರು.
ಬಿಲ್ಲು ಈಗ, ದುಡ್ಡು ಮತ್ತೆ,
ಹೋಗದಿದ್ರೆ ವಾಪಸು ತಗೊಳ್ತೇವೆ ಅಂತ.
ಬಾಯಲ್ಲಿ ಹೇಳಿದ್ದು. ಬಾಯಿಗೆ ರಶೀದಿ ಉಂಟಾ?"

ಬೆರಳಿಂದ ಒಂದು ಪೆಟ್ಟಿಗೆಯ ಮೇಲೆ ಗೆರೆ ಎಳೆದೆ.
ಗೆರೆ ಉಳಿಯಿತು.
ನಲವತ್ತೆಂಟು ಪೋರ್ಟಿನವುಗಳ ಹಿಂದೆ ಏನೋ ಸರಬರ:
ಬೆಕ್ಕು ಮರಿ ಹಾಕಿದೆ, ನಾಲ್ಕು,
ಕಣ್ಣು ಬಿಟ್ಟು, ನಡೆದು, ಈಗ ನನ್ನ ಚಪ್ಪಲಿ ಕಚ್ಚುತ್ತಿವೆ.
ಅಂದರೆ ತಿಂಗಳಾದರೂ ಆಗಿದೆ
ಈ ಸಾಲಿಗೆ ಯಾರೂ ಕೈ ಹಾಕದೆ.
ಹನ್ನೆರಡು ದಿನವಂತೆ.

"ಸಾಮಾನು ಕೆಟ್ಟದಲ್ಲ" ಇದಿನಬ್ಬ ಅಂದರು,
ಮಗನ ಬಗ್ಗೆ ಶಾಲೆಯಲ್ಲಿ ಮಾತಾಡುವ ಹಾಗೆ.
"ಕಂಕನಾಡಿಯ ಒಂದು ಆಸ್ಪತ್ರೆಗೆ ಕೊಟ್ಟು ಎಂಟು ವರ್ಷ, ಒಂದು ದಿನ ನಿಂತದ್ದಿಲ್ಲ.
ನಿಲ್ಲದಿದ್ದದ್ದನ್ನು ಎರಡನೇ ಸಲ ಯಾರು ತಗೊಳ್ತಾರೆ, ಹೇಳಿ."
ಬೊಂಡ ತರಿಸಿದರು. ಅದು ಖಾಲಿಯಾದ ಮೇಲೆ, ಮೆಲ್ಲಗೆ:
"ನನ್ನ ಹೆಸರು ಬರೀಬೇಡಿ.
ಕಂಪನಿ ಬಿದ್ದರೆ ಇದನ್ನೆಲ್ಲ ವಾಪಸು ಯಾರಿಗೆ ಕೊಡುದು ನಾನು?"

ನಾಲ್ಕೂವರೆ. ಶೇರಿಗೆ ಹನ್ನೊಂದು ರೂಪಾಯಿ ನಲವತ್ತು ಪೈಸೆ
ಅಂತಿದ್ದ ನನ್ನ ಅಂದಾಜನ್ನು ಏಳಕ್ಕೆ ಇಳಿಸಿದೆ.
ಕಾರಣ ಎಂಬ ಕಾಲಮ್ಮಿನಲ್ಲಿ ಬೆಕ್ಕಿಗೆ ಜಾಗವಿಲ್ಲ;
"ವಿತರಣಾ ಹಂತದಲ್ಲಿ ದಾಸ್ತಾನು" ಎಂದು ಬರೆದೆ.
ಹದಿನೆಂಟು ಅಕ್ಷರವೂ ಇಲ್ಲ, ಒಬ್ಬ ಮನುಷ್ಯನ ಮುನ್ನೂರು ಪೆಟ್ಟಿಗೆ.
ಮೂರರಲ್ಲಿ ಕೊನೆಯ ಪದವನ್ನು ಆರಿಸಿದೆ.
ಕಳಿಸುವ ಗುಂಡಿ ಒತ್ತಿಲ್ಲ ಇನ್ನೂ.

ಆಗ ಫೋನು. ಬಿಜೈಯ ಸೆವ್ರಿನ್ ಬಾಯಿ, ನಿವೃತ್ತ ನರ್ಸು,
ಗ್ರಾಚ್ಯುಟಿಯಲ್ಲಿ ತೆಗೆದುಕೊಂಡ ಆರುನೂರು ಶೇರು,
ಪ್ರತಿ ಗುರುವಾರ ಒಂದೇ ಮಾತು:
"ನನ್ನ ಪೆಟ್ಟಿಗೆಯವರು ಹೇಗಿದ್ದಾರೆ?"
ಟಿಪ್ಪಣಿ ಹೊರಬೀಳುವ ಮೊದಲು ಒಬ್ಬರಿಗೆ ಹೇಳುವ ಹಾಗಿಲ್ಲ.
ಐದರ ತನಕ ನನ್ನ ಬಾಯಿಗೆ ಬೀಗ.
"ಬಾಯಿ," ಅಂದೆ, ಅಷ್ಟರಲ್ಲಿ ಸೀನಿದೆ.
"ಶೀತವಾ?"
"ಅಲ್ಲ. ಮೆಣಸು."
ಅವರು ಸುಮ್ಮನಾದರು. ನಾನೂ.
ಲೈನಿನ ಎರಡು ತುದಿಯಲ್ಲಿ ನಾವಿಬ್ಬರೂ
ಎರಡನೆಯ ಸೀನಿಗೆ ಕಾಯುತ್ತ ಕೂತೆವು.